ಅಪ್ಪಣೆ ಇಲ್ಲದ ಲಾಕ್‌ಡೌನ್

2020ರ ಏಪ್ರಿಲ್ 7ರಂದು ಜಪಾನಿನ ಪ್ರಧಾನಿ ಶಿಂಜೊ ಅಬೆ ಟೋಕಿಯೊ, ಒಸಾಕಾ, ಫುಕುವೊಕಾ ಸೇರಿದಂತೆ 7 ಪ್ರಾಂತಗಳಲ್ಲಿ ತುರ್ತು ಪರಿಸ್ಥಿತಿ ಘೋಷಿಸಿದಾಗ ಭಾರತ ಲಾಕ್‌ಡೌನಿನ ಎರಡು ವಾರ ಪೂರೈಸಿತ್ತು. ಇಲ್ಲಿ ಹಾಲು ತರಲು ಹೊರಟವರೂ ಲಾಠಿಗೆ ಅಂಜಿಕೊಂಡು ನಡೆಯಬೇಕಾಗಿತ್ತು. ಅಲ್ಲಿ ಘೋಷಣೆಯ ಮರುದಿನವೂ ರೈಲುಗಳು ಓಡಿದವು. ಮನೆಯಿಂದ ಹೊರಬಿದ್ದವರನ್ನು ತಡೆದು ನಿಲ್ಲಿಸುವ ಅಧಿಕಾರ ಯಾವ ಪೊಲೀಸನಿಗೂ ಇರಲಿಲ್ಲ. ದಂಡವೂ ಇಲ್ಲ, ಪಾಸೂ ಇಲ್ಲ. ಪರಸ್ಪರ ಸಂಪರ್ಕವನ್ನು ಕನಿಷ್ಠ ಶೇ 70, ಸಾಧ್ಯವಾದರೆ ಶೇ 80ರಷ್ಟು ತಗ್ಗಿಸಿ ಎಂದು ಪ್ರಧಾನಿ ಜನರನ್ನು ಕೇಳಿಕೊಂಡರು. ಅಂಗಡಿ ಮುಚ್ಚಿ ಎಂದು ಗವರ್ನರುಗಳು ವಿನಂತಿಸಿದರು. ಜನಗಳಿಂದಲೇ ಚುನಾಯಿತರಾಗುವ ಇವರ ಸ್ಥಾನ ಹೆಚ್ಚುಕಡಿಮೆ ನಮ್ಮ ಮುಖ್ಯಮಂತ್ರಿಗಳದ್ದು. ಏಪ್ರಿಲ್ 16ಕ್ಕೆ ಈ ಘೋಷಣೆ ಇಡೀ ದೇಶಕ್ಕೆ ಹಬ್ಬಿತು, ಮೇ 25ಕ್ಕೆ ತೆರವಾಯಿತು. ಬಲಪ್ರಯೋಗವಿಲ್ಲದೆ ಒಂದು ದೊಡ್ಡ ಸಮಾಜ ಮನೆಯೊಳಗೆ ಉಳಿಯಿತಲ್ಲ ಎಂದು ಹೊರಗಿನವರು ಬೆರಗಾದರು. ಆ ಮೆಚ್ಚುಗೆಯಲ್ಲಿ ಸತ್ಯಾಂಶವಿದೆ, ಆದರೆ ಅದು ಪೂರ್ತಿ ಸತ್ಯವಲ್ಲ. ಸರ್ಕಾರ ಅಪ್ಪಣೆ ಮಾಡದೆ ಬರೀ ಮನವಿ ಮಾಡಿದಲ್ಲಿ ಭಿನ್ನಾಭಿಪ್ರಾಯ ಇಲ್ಲವಾಗುವುದಿಲ್ಲ. ಅದು ನ್ಯಾಯಾಲಯ ಮತ್ತು ಶಾಸನಸಭೆಯನ್ನು ಬಿಟ್ಟು ಬೀದಿಗೆ, ಪಕ್ಕದ ಮನೆಯ ಕಿಟಕಿಗೆ, ಅಂಗಡಿಯ ಬಾಗಿಲಿಗೆ ಬರುತ್ತದೆ. ಅಲ್ಲಿ ಒಪ್ಪದವನಿಗೆ ಸಿಗುವ ರಕ್ಷಣೆ ಸ್ಪಷ್ಟ ಕಾನೂನಿನ ಎದುರು ಸಿಗುವುದಕ್ಕಿಂತ ಕಡಿಮೆ. ಜಪಾನಿನ ಮೂರು ವರ್ಷಗಳ ಅನುಭವವನ್ನು ನಾನು ಓದಿಕೊಳ್ಳುವುದು ಹೀಗೆ.

ಸರ್ಕಾರದ ಕೈ ಇಷ್ಟು ಮೆತ್ತಗಿದ್ದದ್ದಕ್ಕೆ ಇತಿಹಾಸದಲ್ಲಿ ಕಾರಣಗಳಿವೆ. 1947ರಲ್ಲಿ ಜಾರಿಗೆ ಬಂದ ಜಪಾನಿನ ಸಂವಿಧಾನದಲ್ಲಿ ಪ್ರಜೆಗಳ ಹಕ್ಕುಗಳನ್ನು ಅಮಾನತಿನಲ್ಲಿಡುವ ತುರ್ತು ವಿಧಿ ಇಲ್ಲ. ವಾಸ ಮತ್ತು ಉದ್ಯೋಗದ ಸ್ವಾತಂತ್ರ್ಯವನ್ನು 22ನೇ ವಿಧಿ, ಆಸ್ತಿಯ ಹಕ್ಕನ್ನು 29ನೇ ವಿಧಿ ಕಾಯುತ್ತವೆ. ಯುದ್ಧಕಾಲದ ಸರ್ಕಾರ ಜನರ ಬದುಕಿನೊಳಗೆ ಎಷ್ಟು ಆಳಕ್ಕೆ ಕೈಹಾಕಿತ್ತೆಂಬ ನೆನಪು ಆ ಸಂವಿಧಾನದ ಹಿಂದಿದೆ. ಕುಷ್ಠರೋಗಿಗಳ ವಿಷಯದಲ್ಲಂತೂ ಆರೋಗ್ಯದ ಹೆಸರಿನಲ್ಲೇ ಘೋರ ಅನ್ಯಾಯ ನಡೆಯಿತು. ಅವರನ್ನು ದಶಕಗಟ್ಟಲೆ ಪ್ರತ್ಯೇಕ ಆಶ್ರಮಗಳಲ್ಲಿ ಕೂಡಿಹಾಕಿದ ಕಾನೂನು ರದ್ದಾದದ್ದು 1996ರಲ್ಲಿ. ಆ ನೀತಿ ಸಂವಿಧಾನಬಾಹಿರವೆಂದು ಕುಮಾಮೊಟೊ ಜಿಲ್ಲಾ ನ್ಯಾಯಾಲಯ 2001ರಲ್ಲಿ ತೀರ್ಪಿತ್ತಾಗ ಸರ್ಕಾರ ಮೇಲ್ಮನವಿಗೆ ಹೋಗದೆ ತಲೆಬಾಗಿತು. 1998ರಲ್ಲಿ ರೂಪುಗೊಂಡ ಸಾಂಕ್ರಾಮಿಕ ರೋಗಗಳ ಕಾನೂನಿನ ಪೀಠಿಕೆಯಲ್ಲೇ ರೋಗಿಗಳ ಮೇಲಿನ ಆ ತಾರತಮ್ಯದ ಉಲ್ಲೇಖವಿದೆ. ಈ ಹಿನ್ನೆಲೆಯಲ್ಲಿ 2012ರಲ್ಲಿ ಬಂದ, 2020ರ ಮಾರ್ಚಿನಲ್ಲಿ ಕೋವಿಡ್‌ಗೂ ಅನ್ವಯವಾಗುವಂತೆ ತಿದ್ದಿದ ವಿಶೇಷ ಕ್ರಮಗಳ ಕಾನೂನು ಗವರ್ನರುಗಳಿಗೆ ಕೊಟ್ಟದ್ದು ಮೂರೇ ಮೆಟ್ಟಿಲು: ಮೊದಲು ವಿನಂತಿ, ಆಮೇಲೆ ಸೂಚನೆ, ಜೊತೆಗೆ ಹೆಸರನ್ನು ಬಹಿರಂಗಪಡಿಸುವ ಅಧಿಕಾರ. ಮೂರನೆಯದು ನೋಡಲು ನಿರಪಾಯಕಾರಿ. ಇಡೀ ವ್ಯವಸ್ಥೆಯ ಕೀಲು ಇದ್ದದ್ದು ಅದರಲ್ಲೇ. ದಂಡ ಹಾಕಲಾಗದ ಸರ್ಕಾರ ಹೆಸರನ್ನು ಊರ ಮುಂದೆ ಇಟ್ಟಿತು. ಮಿಕ್ಕದ್ದನ್ನು ಊರು ನೋಡಿಕೊಂಡಿತು.

ಏಪ್ರಿಲ್ 24ರಂದು ಒಸಾಕಾ ಗವರ್ನರ್ ಹಿರೊಫುಮಿ ಯೊಶಿಮುರಾ ಮುಚ್ಚಲು ಒಪ್ಪದ ಪಚಿಂಕೊ ಜೂಜುಕಟ್ಟೆಗಳ ಹೆಸರುಗಳನ್ನು ಪ್ರಕಟಿಸಿದರು. ತೆರೆದಿರುವುದು ಇಲ್ಲಿಯೇ ಎಂದು ತಿಳಿದ ಆಟಗಾರರು ಅಲ್ಲಿಗೇ ಬಂದು ಸಾಲುಗಟ್ಟಿದರು; ಇನ್ನೊಂದು ಕಡೆಯಿಂದ ಬೈಯಲು ಬಂದವರೂ ಸೇರಿದರು. ಇದೇ ಹೊತ್ತಿಗೆ ಪತ್ರಿಕೆಗಳು ‘ಜಿಶುಕು ಪೊಲೀಸ್’ ಎಂದು ಕರೆದ ಸ್ವಯಂನೇಮಿತ ಕಾವಲುಗಾರರು ದೇಶದುದ್ದಕ್ಕೂ ಕಾಣಿಸಿಕೊಂಡರು. ಜಿಶುಕು ಎಂದರೆ ತಾನೇ ಹಾಕಿಕೊಂಡ ಸಂಯಮ. ಈ ಕಾವಲುಗಾರರು ಹೊರಟದ್ದು ಬೇರೆಯವರಿಗೆ ಸಂಯಮ ಹಾಕಲು. ಚಿಬಾ ಪ್ರಾಂತದ ಯಾಚಿಯೊದಲ್ಲಿ ಮಕ್ಕಳ ಮಿಠಾಯಿ ಅಂಗಡಿಯೊಂದಕ್ಕೆ ಮಕ್ಕಳನ್ನು ಸೇರಿಸಬೇಡ, ಬಾಗಿಲು ಹಾಕು ಎಂಬ ಬರಹ ಅಂಟಿಸಿ ಹೋದರು. ಸರ್ಕಾರ ಹೇಳಿದ ವೇಳೆಯೊಳಗೇ ವ್ಯಾಪಾರ ಮಾಡುತ್ತಿದ್ದ ಕುಡಿತದಂಗಡಿಗಳಿಗೂ ಇಂಥ ಚೀಟಿಗಳು ಬಂದವು. ಬೇರೆ ಪ್ರಾಂತದ ನಂಬರ್ ಫಲಕವಿರುವ ಕಾರುಗಳಿಗೆ ಗೀರು ಬಿತ್ತು. ಹಾಗಾಗಿ ‘ನಾನು ಇದೇ ಊರಲ್ಲಿ ವಾಸಿಸುವವನು’ ಎಂಬ ಚೀಟಿಯನ್ನು ಕಾರಿಗೆ ಅಂಟಿಸಿಕೊಂಡು ಓಡಾಡುವವರು ಕಂಡುಬಂದರು. ಇವಾವುವೂ ಕಾನೂನಿನ ಉಲ್ಲಂಘನೆಗೆ ಸಿಕ್ಕ ಶಿಕ್ಷೆಗಳಲ್ಲ, ಏಕೆಂದರೆ ಉಲ್ಲಂಘಿಸಲು ಕಾನೂನೇ ಇರಲಿಲ್ಲ.

ಉತ್ತರದ ಇವಾತೆ ಪ್ರಾಂತದ ಕತೆಯನ್ನು ಸ್ವಲ್ಪ ನಿಂತು ನೋಡಬೇಕು. 2020ರ ಜುಲೈ ಕೊನೆಯವರೆಗೂ ಅಲ್ಲಿ ಒಂದೇ ಒಂದು ಸೋಂಕು ಪತ್ತೆಯಾಗಿರಲಿಲ್ಲ. ಇದು ಹೆಮ್ಮೆಯಾಗುವ ಬದಲು ಭಾರವಾಯಿತು, ಮೊದಲನೆಯ ರೋಗಿ ತಾನಾಗಬಾರದೆಂಬ ಭಯ ಎಲ್ಲರಲ್ಲೂ ಹೊಕ್ಕಿತು. ಗವರ್ನರ್ ತಕುಯಾ ತಾಸ್ಸೊ ಮೇ ತಿಂಗಳಲ್ಲೇ ಮುಂದೆ ಬಂದು, ಮೊದಲ ಸೋಂಕಿತರನ್ನು ಪ್ರಾಂತ ದೂಷಿಸುವುದಿಲ್ಲ ಎಂದು ಸಾರಿ ಹೇಳಬೇಕಾಯಿತು. ಕೊನೆಗೆ ಜುಲೈ 29ರಂದು ಮೊದಲ ಪ್ರಕರಣ ಬಂದಾಗ, ಆ ವ್ಯಕ್ತಿ ಕೆಲಸ ಮಾಡುತ್ತಿದ್ದ ಕಂಪನಿಗೆ ನಿಂದನೆಯ ಕರೆಗಳು ಬಂದೇ ಬಂದವು. ಒಸಾಕಾ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞೆ ಅಸಾಕೊ ಮಿಯುರಾ ಮತ್ತು ಸಂಗಡಿಗರು ಅದೇ ವರ್ಷದ ವಸಂತದಲ್ಲಿ ಐದು ದೇಶಗಳಲ್ಲಿ ನಡೆಸಿದ ಸಮೀಕ್ಷೆ ಈ ಭಯದ ಮೂಲವನ್ನು ತೋರಿಸುತ್ತದೆ. ಸೋಂಕು ತಗುಲಿದರೆ ಅದು ಅವರವರದೇ ತಪ್ಪು ಎಂಬ ಮಾತನ್ನು ಒಪ್ಪಿದವರು ಅಮೆರಿಕದಲ್ಲಿ ಶೇ 1, ಬ್ರಿಟನ್ನಿನಲ್ಲಿ ಶೇ 1.5, ಇಟಲಿಯಲ್ಲಿ ಶೇ 2.5, ಚೀನಾದಲ್ಲಿ ಶೇ 4.8, ಜಪಾನಿನಲ್ಲಿ ಶೇ 11.5. ಅಂದರೆ ಜಪಾನೀಯರಲ್ಲೂ ಬಹುಪಾಲು ಜನ ಈ ಮಾತನ್ನು ಒಪ್ಪಲಿಲ್ಲ ಎಂಬುದನ್ನು ಮರೆಯಬಾರದು. ಆದರೆ ಊರನ್ನು ಹೆದರಿಸಲು ಬಹುಮತ ಬೇಕಿಲ್ಲ, ಹತ್ತರಲ್ಲಿ ಒಬ್ಬ ಸಾಕು. ಮಾಸ್ಕ್ ಏಕೆ ಹಾಕುತ್ತೀರಿ ಎಂದು ದೋಶಿಶಾ ವಿಶ್ವವಿದ್ಯಾಲಯದ ಕಜುಯಾ ನಕಯಾಚಿ ತಂಡ ಅಧ್ಯಯನ ಮಾಡಿದಾಗ, ರೋಗದ ಅಪಾಯದ ಅರಿವಿಗಿಂತ ‘ಎಲ್ಲರೂ ಹಾಕುತ್ತಾರೆ’ ಎಂಬ ಕಾರಣವೇ ಬಲವಾಗಿ ಕಂಡಿತು. ಮಾಸ್ಕ್ ಯಾವ ಕಾರಣಕ್ಕೆ ಹಾಕಿದರೂ ವೈರಾಣುವನ್ನು ತಡೆಯುತ್ತದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಎಲ್ಲರೂ ಮಾಡುವುದೇ ನಿಯಮವಾದಲ್ಲಿ, ಬೇರೆ ಮಾಡುವವನು ತನ್ನ ಕಾರಣ ಹೇಳಲು ಒಂದು ಕಟ್ಟೆ ಇರುವುದಿಲ್ಲ ಎಂಬುದು ನನ್ನ ತಕರಾರು.

ಕಟ್ಟೆಯ ಮಾತು ದುಡ್ಡಿನ ವಿಷಯಕ್ಕೂ ಸಲ್ಲುತ್ತದೆ. ಅಪ್ಪಣೆ ಮಾಡಿದ ಸರ್ಕಾರವನ್ನು ನಷ್ಟ ತುಂಬಿಕೊಡು ಎಂದು ಕೇಳಬಹುದು. ಕೇಳಿಕೊಂಡ ಸರ್ಕಾರ, ನೀವೇ ಒಪ್ಪಿ ಮುಚ್ಚಿದಿರಲ್ಲ ಎನ್ನಬಹುದು. 2020ರ ವಸಂತದಲ್ಲಿ ಸಂಯಮ ಬೇಕಿದ್ದರೆ ಪರಿಹಾರವೂ ಬೇಕು ಎಂಬ ಕೂಗು ಟೋಕಿಯೊದ ಬೀದಿಗಳಲ್ಲಿ ಎದ್ದದ್ದು ಇದಕ್ಕೇ. ಸರ್ಕಾರ ನಷ್ಟ ಭರ್ತಿಯ ತತ್ವವನ್ನು ಒಪ್ಪದೆ ಪ್ರತಿ ನಿವಾಸಿಗೆ 1 ಲಕ್ಷ ಯೆನ್ ಕೊಟ್ಟಿತು, ಸಣ್ಣ ಉದ್ದಿಮೆಗಳಿಗೆ ಬೇರೆ ನೆರವು ಕೊಟ್ಟಿತು. 2021ರ ಜನವರಿಯಲ್ಲಿ ಬೇಗ ಬಾಗಿಲು ಹಾಕುವ ಹೋಟೆಲುಗಳಿಗೆ ದಿನಕ್ಕೆ 60 ಸಾವಿರ ಯೆನ್ ನಿಗದಿಯಾಯಿತು. ನಾಲ್ಕು ಕುರ್ಚಿಯ ಅಂಗಡಿಗೆ ಅದು ಧಾರಾಳ, ನೂರು ಕುರ್ಚಿಯ ಹೋಟೆಲಿಗೆ ಬಾಡಿಗೆಗೂ ಸಾಲದು. ಹೀಗೆ ಒಂದೇ ಮನವಿಯ ಹೊರೆ ಒಬ್ಬೊಬ್ಬರ ಮೇಲೆ ಒಂದೊಂದು ತೂಕಕ್ಕೆ ಬಿತ್ತು. ಹೆಚ್ಚು ಬಿದ್ದದ್ದು ಹೋಟೆಲು, ಅಂಗಡಿ, ವಸತಿಗೃಹಗಳಲ್ಲಿ ಕಾಯಮಾತಿ ಇಲ್ಲದೆ ದುಡಿಯುತ್ತಿದ್ದ ಹೆಂಗಸರ ಮೇಲೆ. ಶಾಲೆಗಳನ್ನು ಮಾರ್ಚ್ 2ರಿಂದ ಮುಚ್ಚಿ ಎಂಬ 2020ರ ಫೆಬ್ರವರಿ 27ರ ಕೋರಿಕೆಯನ್ನು ಪ್ರಧಾನಿ ತಜ್ಞರ ಅಭಿಪ್ರಾಯ ನೇರವಾಗಿ ಪಡೆಯದೆ ಮಾಡಿದ್ದರು, ಸಂಸತ್ತಿನಲ್ಲಿ ಹಾಗೆಂದು ಒಪ್ಪಿಕೊಂಡರು ಕೂಡ. ಆಗ ಮಕ್ಕಳನ್ನು ಮನೆಯಲ್ಲಿ ನೋಡಿಕೊಳ್ಳುವ ಹೊಣೆಯೂ ಇದೇ ಹೆಂಗಸರದಾಯಿತು. 2020ರಲ್ಲಿ ಜಪಾನಿನಲ್ಲಿ 21,081 ಮಂದಿ ಆತ್ಮಹತ್ಯೆ ಮಾಡಿಕೊಂಡರು. ಹನ್ನೊಂದು ವರ್ಷಗಳಲ್ಲಿ ಮೊದಲ ಬಾರಿಗೆ ಈ ಸಂಖ್ಯೆ ಏರಿತ್ತು. ಗಂಡಸರ ಸಂಖ್ಯೆ ಇಳಿದಿತ್ತು. ಹೆಂಗಸರದು 935ರಷ್ಟು ಹೆಚ್ಚಿ 7,026ಕ್ಕೆ ಮುಟ್ಟಿತ್ತು. ಪ್ರತಿಯೊಂದು ಸಾವಿಗೂ ಮನೆಯಲ್ಲಿರಿ ಎಂಬ ಮಾತೇ ಕಾರಣವೆಂದು ಹೇಳಲಾಗದು. ಆದರೆ ಮೆತ್ತಗಿನ ಕ್ರಮಗಳಿಂದ ನೋವಾಗಲಿಲ್ಲ ಎನ್ನುವವರು ಈ ಅಂಕಿಯನ್ನು ದಾಟಿ ಹೋಗುವಂತಿಲ್ಲ.

2021ರ ಫೆಬ್ರವರಿಯಲ್ಲಿ ಕಾನೂನಿಗೆ ಹಲ್ಲು ಬಂತು. ಆ ತಿದ್ದುಪಡಿಯ ದಾರಿಯಲ್ಲಿ ನಡೆದ ಜಗಳ, ನನ್ನ ಲೆಕ್ಕದಲ್ಲಿ, ಇಡೀ ಪ್ರಕರಣದ ಅತ್ಯಂತ ಆರೋಗ್ಯಕರ ಭಾಗ. ಆಸ್ಪತ್ರೆಗೆ ಸೇರಲು ಒಪ್ಪದ ರೋಗಿಗೆ ಒಂದು ವರ್ಷದವರೆಗೆ ಜೈಲು ಅಥವಾ 10 ಲಕ್ಷ ಯೆನ್‌ವರೆಗೆ ದಂಡ ಎಂದು ಸರ್ಕಾರ ಪ್ರಸ್ತಾಪಿಸಿತ್ತು. ವೈದ್ಯಕೀಯ ಸಂಘಗಳ ಒಕ್ಕೂಟ ಜನವರಿಯಲ್ಲೇ ವಿರೋಧಿಸಿತು. ಕುಷ್ಠರೋಗಿಗಳಿಗೆ ಆದದ್ದನ್ನು ನೆನಪಿಸಿ, ಶಿಕ್ಷೆಯ ಭಯವಿದ್ದರೆ ಜನ ಪರೀಕ್ಷೆಗೇ ಬಾರದೆ ರೋಗವನ್ನು ಮುಚ್ಚಿಡುತ್ತಾರೆ ಎಂದಿತು. ವಿರೋಧ ಪಕ್ಷಗಳು ಪಟ್ಟು ಹಿಡಿದವು. ಅದೇ ದಿನಗಳಲ್ಲಿ ಆಡಳಿತ ಪಕ್ಷದ ಸಂಸದರು ರಾತ್ರಿ ಹೊತ್ತು ಟೋಕಿಯೊದ ಗಿಂಜಾದ ಕ್ಲಬ್ಬುಗಳಿಗೆ ಹೋದ ಸುದ್ದಿ ಬಯಲಾಗಿ, ಜನರನ್ನು ಜೈಲಿಗೆ ಕಳಿಸುವ ನೈತಿಕ ಬಲವೂ ಸರ್ಕಾರಕ್ಕೆ ಉಳಿಯಲಿಲ್ಲ. ಕೊನೆಗೆ ಜೈಲಿನ ಮಾತು ಬಿದ್ದುಹೋಯಿತು. ರೋಗಿಗೆ 5 ಲಕ್ಷ ಯೆನ್‌ವರೆಗೆ, ತುರ್ತು ಪರಿಸ್ಥಿತಿಯಲ್ಲಿ ಆಜ್ಞೆ ಮೀರಿದ ಅಂಗಡಿಗೆ 3 ಲಕ್ಷ ಯೆನ್‌ವರೆಗೆ, ಅಪರಾಧದ ಕಳಂಕವಿಲ್ಲದ ಆಡಳಿತಾತ್ಮಕ ದಂಡ ಎಂದು ತೀರ್ಮಾನವಾಯಿತು. ಬರೆದ ಪ್ರಸ್ತಾಪ ಎದುರಿಗಿದ್ದ ಕಾರಣ ಅದನ್ನು ಟೀಕಿಸಬಹುದಿತ್ತು, ತಿದ್ದಬಹುದಿತ್ತು, ಬೀಳಿಸಬಹುದಿತ್ತು. ಕಾರಿಗೆ ಬಿದ್ದ ಗೀರಿಗೆ ಎದುರಾಗಿ ಯಾರೂ ತಿದ್ದುಪಡಿ ಮಂಡಿಸಲಾರರು.

ಹೊಸ ಕಾನೂನಿನ ಪರೀಕ್ಷೆ ಮುಂದಿನ ತಿಂಗಳೇ ಆಯಿತು. ಮಾರ್ಚ್ 18ರಂದು ಟೋಕಿಯೊ ಸರ್ಕಾರ ಗ್ಲೋಬಲ್ ಡೈನಿಂಗ್ ಎಂಬ ಕಂಪನಿಯ 26 ಹೋಟೆಲುಗಳಿಗೆ ರಾತ್ರಿ 8ಕ್ಕೆ ಮುಚ್ಚುವಂತೆ ಆಜ್ಞೆ ಹೊರಡಿಸಿತು. ಕಂಪನಿಯ ಮುಖ್ಯಸ್ಥ ಕೊಜೊ ಹಸೆಗವಾ ಈ ನೀತಿಯನ್ನು ಒಪ್ಪುವುದಿಲ್ಲವೆಂದು ಬಹಿರಂಗವಾಗಿಯೇ ಹೇಳುತ್ತಾ ಬಂದಿದ್ದರು. ಮನವಿಗೆ ಕಿವಿಗೊಡದ ಅಂಗಡಿಗಳು ನಗರದಲ್ಲಿ ಬೇಕಾದಷ್ಟಿದ್ದರೂ ಆಜ್ಞೆ ಬಂದದ್ದು ಬಹುತೇಕ ಈ ಒಂದೇ ಕಂಪನಿಗೆ. ತುರ್ತು ಪರಿಸ್ಥಿತಿಯೋ 21ಕ್ಕೆ ಮುಗಿಯಲಿತ್ತು. ಮಾತಾಡಿದ್ದಕ್ಕಾಗಿಯೇ ತನ್ನನ್ನು ಗುರಿ ಮಾಡಲಾಗಿದೆ ಎಂದು ಕಂಪನಿ ಮಾರ್ಚ್ 22ರಂದು ದಾವೆ ಹೂಡಿತು. ಕೇಳಿದ ಪರಿಹಾರ 104 ಯೆನ್, ಅಂದರೆ 26 ಹೋಟೆಲು, 4 ದಿನ, ದಿನಕ್ಕೊಂದು ಯೆನ್. ಹಣಕ್ಕಲ್ಲ, ಉತ್ತರಕ್ಕಾಗಿ ಹೂಡಿದ ದಾವೆ ಅದು. ಉತ್ತರ 2022ರ ಮೇ 16ರಂದು ಬಂತು. ಕಾನೂನು ಸಂವಿಧಾನಬದ್ಧವೇ, ಆದರೆ ಮುಗಿಯಲು ನಾಲ್ಕು ದಿನವಿದ್ದಾಗ ಈ ಹೋಟೆಲುಗಳನ್ನೇ ಮುಚ್ಚಿಸುವ ವಿಶೇಷ ಅಗತ್ಯವನ್ನು ಸರ್ಕಾರ ತೋರಿಸಿಲ್ಲ, ಹಾಗಾಗಿ ಈ ಆಜ್ಞೆ ಕಾನೂನುಬಾಹಿರ ಎಂದು ಟೋಕಿಯೊ ಜಿಲ್ಲಾ ನ್ಯಾಯಾಲಯ ಹೇಳಿತು. ಗವರ್ನರ್ ನಿರ್ಲಕ್ಷ್ಯದಿಂದ ನಡೆದುಕೊಂಡಿಲ್ಲವೆಂದು 104 ಯೆನ್ ಪರಿಹಾರವನ್ನು ನಿರಾಕರಿಸಿತು. ಕಂಪನಿ ವ್ಯಾಜ್ಯ ಸೋತಿತು, ಆದರೂ ಎಲ್ಲರಿಗೂ ಬೇಕಾದ ಒಂದು ಗೆರೆ ಎಳೆಯಲ್ಪಟ್ಟಿತು: ಸಾಂಕ್ರಾಮಿಕದ ನಡುವೆಯೂ ಸರ್ಕಾರ ಕಾರಣ ಕೊಡಬೇಕು, ಆ ಕಾರಣ ಈ ಅಂಗಡಿಗೆ, ಈ ದಿನಕ್ಕೆ ಹೊಂದಬೇಕು. ಹಸೆಗವಾ ಅವರ ಹೋಟೆಲುಗಳು ತೆರೆದಿದ್ದದ್ದು ಸರಿಯೇ ಎಂಬ ಪ್ರಶ್ನೆ ಬೇರೆ. ರೋಗಿಗಳಿಗೆ ಹಾಸಿಗೆ ಸಿಗದ ನಗರದಲ್ಲಿ ನಾನಾಗಿದ್ದರೆ ಮುಚ್ಚುವುದನ್ನೇ ಬೆಂಬಲಿಸುತ್ತಿದ್ದೆ. ಆದರೆ ತೆರೆಯುವ ಪರ ವಾದಿಸಿದವರಿಗೆ ನ್ಯಾಯಾಧೀಶರ ಮುಂದೆ ನಿಲ್ಲುವ ಅವಕಾಶ ಸಿಕ್ಕಿದ್ದು ಆಜ್ಞೆ ಇದ್ದುದರಿಂದ. ಅದರ ಹಿಂದಿನ ವರ್ಷ ಚೀಟಿ ಅಂಟಿಸಿಕೊಂಡ ಮಿಠಾಯಿ ಅಂಗಡಿಗೆ ಆ ಭಾಗ್ಯ ಇರಲಿಲ್ಲ.

ಕಾನೂನು ಬಂದ ಮೇಲೂ ಅದರ ಬೆನ್ನ ಹಿಂದೆ ಒತ್ತಡ ಹಾಕುವ ಚಾಳಿ ಸರ್ಕಾರವನ್ನು ಬಿಡಲಿಲ್ಲ. 2021ರ ಜುಲೈ 8ರಂದು ಕೋವಿಡ್ ಹೊಣೆಯ ಸಚಿವ ಯಸುತೊಶಿ ನಿಶಿಮುರಾ, ಮದ್ಯ ಬಡಿಸುವುದನ್ನು ನಿಲ್ಲಿಸದ ಹೋಟೆಲುಗಳಿಗೆ ಅವುಗಳ ಬ್ಯಾಂಕುಗಳ ಮೂಲಕವೇ ಹೇಳಿಸುತ್ತೇವೆ ಎಂದರು. ಅಂಥ ಹೋಟೆಲುಗಳೊಂದಿಗೆ ವ್ಯವಹಾರ ಬೇಡವೆಂದು ಮದ್ಯದ ಸಗಟು ವ್ಯಾಪಾರಿಗಳಿಗೂ ಸೂಚನೆ ಹೋಯಿತು. ಸಾಲ ಕೊಟ್ಟವನ ಬಾಯಿಂದ ಬರುವ ಮನವಿ ಮನವಿಯಾಗಿ ಉಳಿಯುತ್ತದೆಯೇ? ದೇಶದಾದ್ಯಂತ ಆಕ್ರೋಶ ಎದ್ದು, ಬ್ಯಾಂಕಿನ ಯೋಜನೆ ಮರುದಿನವೇ, ಸಗಟು ವ್ಯಾಪಾರಿಗಳಿಗೆ ಹೋದ ಸೂಚನೆ ಕೆಲವೇ ದಿನಗಳಲ್ಲಿ ವಾಪಸಾದವು. ಅದೇ ತಿಂಗಳ 12ರಂದು ಟೋಕಿಯೊದಲ್ಲಿ ನಾಲ್ಕನೇ ತುರ್ತು ಪರಿಸ್ಥಿತಿ ಶುರುವಾಯಿತು. ಜನರಿಗೆ ಸಂಯಮ ಹೇಳಿದ ಸರ್ಕಾರ ತಾನು ಮಾತ್ರ ನಿಲ್ಲಲಿಲ್ಲ: 23ರಂದು ಒಲಿಂಪಿಕ್ಸ್ ಉದ್ಘಾಟನೆಯಾಯಿತು. ಇಂಥ ಸ್ಥಿತಿಯಲ್ಲಿ ಕ್ರೀಡಾಕೂಟ ನಡೆಸುವುದು ಸಾಮಾನ್ಯವಲ್ಲ ಎಂದು ಸರ್ಕಾರದ ಸಲಹಾ ಸಮಿತಿಯ ಮುಖ್ಯಸ್ಥ ಶಿಗೆರು ಒಮಿ ಸಂಸತ್ತಿನಲ್ಲೇ ಹೇಳಿದ್ದರು. ಕೂಟದ ಪ್ರಾಯೋಜಕರಲ್ಲೊಂದಾದ ಅಸಾಹಿ ಪತ್ರಿಕೆಯೂ ರದ್ದುಮಾಡಿ ಎಂದು ಸಂಪಾದಕೀಯ ಬರೆದಿತ್ತು.

ಸಂವಿಧಾನದ ಕಾರಣಕ್ಕೆ ಪ್ರಜೆಗಳ ಮುಂದೆ ಕೈಜೋಡಿಸಿದ ಅದೇ ಸರ್ಕಾರ, ಆ ಗೋಡೆಯ ಹೊರಗಿದ್ದವರ ಮುಂದೆ ಕೈಜೋಡಿಸಲಿಲ್ಲ. 2020ರ ಏಪ್ರಿಲ್ 3ರಿಂದ, ಪಟ್ಟಿಯಲ್ಲಿದ್ದ ದೇಶಗಳಿಗೆ ಹೋದ ವಿದೇಶಿ ನಿವಾಸಿಗಳಿಗೆ, ಶಾಶ್ವತ ವಾಸದ ಪರವಾನಗಿ ಇದ್ದವರಿಗೂ, ಜಪಾನಿಗೆ ಮರಳುವ ದಾರಿ ಹೆಚ್ಚುಕಡಿಮೆ ಮುಚ್ಚಿತು. ಮೇ 27ಕ್ಕೆ ಭಾರತವೂ ಆ ಪಟ್ಟಿ ಸೇರಿತು. ಅದೇ ವಿಮಾನದಲ್ಲಿ ಬರುವ ಜಪಾನಿ ಪ್ರಜೆ ಪರೀಕ್ಷೆ ಮಾಡಿಸಿಕೊಂಡು, ಪ್ರತ್ಯೇಕವಾಸ ಮುಗಿಸಿ ಮನೆ ಸೇರಬಹುದಿತ್ತು. ವೈರಾಣುವಿಗೆ ಪಾಸ್‌ಪೋರ್ಟಿನ ಬಣ್ಣ ತಿಳಿಯದು. ಟೋಕಿಯೊದ ನಿಶಿ ಕಸಾಯ್ ಸುತ್ತ ನೆಲೆಸಿರುವಂಥ ಭಾರತೀಯ ಕುಟುಂಬಗಳಿಗೆ, ಅಲ್ಲಿ ದುಡಿಯುವ ಕನ್ನಡಿಗರಿಗೂ, ತವರಿಗೆ ಹೋದರೆ ಮರಳುವ ಖಾತ್ರಿ ಇರಲಿಲ್ಲ. ಅಲ್ಲಿ ತೆರಿಗೆ ಕಟ್ಟಿಕೊಂಡು ಬಾಳಿದವರ ಈ ಪಾಡು ಸೆಪ್ಟೆಂಬರ್ 1ರ ಸಡಿಲಿಕೆಯವರೆಗೂ ಇತ್ತು. ಇದನ್ನು ಜಪಾನಿನ ಸೌಮ್ಯ ಮಾದರಿಯ ಹೊಗಳಿಕೆಯಲ್ಲಿ ಯಾರೂ ಸೇರಿಸುವುದಿಲ್ಲ, ಸೇರಿಸಬೇಕು.

ಇಷ್ಟೆಲ್ಲ ಹೇಳಿದ ಮೇಲೂ, ಜೀವಗಳು ಉಳಿದವಲ್ಲ ಎಂಬ ಆಕ್ಷೇಪ ಬರುತ್ತದೆ, ಅದು ಹಗುರವಾದದ್ದಲ್ಲ. 2020ರಲ್ಲಿ ಜಪಾನಿನಲ್ಲಿ ಸತ್ತವರ ಒಟ್ಟು ಸಂಖ್ಯೆ ಹಿಂದಿನ ವರ್ಷಕ್ಕಿಂತ ಸುಮಾರು 8 ಸಾವಿರ ಕಡಿಮೆ. ಹನ್ನೆರಡೂವರೆ ಕೋಟಿ ಜನರ, ಅದರಲ್ಲೂ ವೃದ್ಧರೇ ತುಂಬಿರುವ ದೇಶದಲ್ಲಿ 2021ರ ಕೊನೆಯವರೆಗೆ ಕೋವಿಡ್‌ನಿಂದ ಸತ್ತವರು ಸುಮಾರು 18 ಸಾವಿರ. ಇದು ದೊಡ್ಡ ಸಾಧನೆ. ಆದರೆ ಅದರ ಶ್ರೇಯಸ್ಸು ಕಾರಿಗೆ ಗೀರು ಹಾಕಿದವರಿಗೆ ಹೋಗಬೇಕೇ? ತೊಹೊಕು ವಿಶ್ವವಿದ್ಯಾಲಯದ ಹಿತೊಶಿ ಒಶಿತಾನಿಯಂಥ ತಜ್ಞರು ಸೋಂಕು ಗುಂಪುಗುಂಪಾಗಿ ಹರಡುವುದನ್ನು ಬೇಗ ಗುರುತಿಸಿದರು. ಗಾಳಿಯಾಡದ ಕೋಣೆ, ಜನದಟ್ಟಣೆ, ಹತ್ತಿರದ ಮಾತುಕತೆ, ಈ ಮೂರನ್ನು ತಪ್ಪಿಸಿ ಎಂಬ ಸರಳ ತಿಳಿವಳಿಕೆ ಮನೆಮನೆಗೆ ಮುಟ್ಟಿತು. ಸ್ಥಳೀಯ ಆರೋಗ್ಯ ಕೇಂದ್ರಗಳ ಸಿಬ್ಬಂದಿ ಸಂಪರ್ಕಗಳನ್ನು ಒಂದೊಂದಾಗಿ ಹುಡುಕಿದರು. ಇದು ವಿವರಿಸಿ ಹೇಳಿದ್ದರ ಫಲ. ಸಂಪರ್ಕ ಹುಡುಕುವ ಕೆಲಸ ನಡೆಯುವುದು ರೋಗಿ ನಿಜ ಹೇಳಿದರೆ ಮಾತ್ರ. ಜೈಲಿನ ಭಯದಿಂದ ಜನ ಮುಚ್ಚಿಡುತ್ತಾರೆ ಎಂಬ ವೈದ್ಯರ ವಾದ, ಊರಿನ ಭಯಕ್ಕೂ ಅಷ್ಟೇ ಸಲ್ಲುತ್ತದೆ.

ಜಪಾನೀಯರ ಸ್ವಭಾವವೇ ಹಾಗೆ, ಕಾನೂನು ಇದ್ದಿದ್ದರೂ ನೆರೆಯವರು ಕಾವಲು ಕಾಯುತ್ತಿದ್ದರು ಎಂಬುದು ಇನ್ನೊಂದು ಮಾತು. ಸ್ವಭಾವದ ಮಾತನ್ನು ನಾನು ಅಷ್ಟಾಗಿ ನಂಬಲಾರೆ. 1940ರಲ್ಲಿ ಸರ್ಕಾರವೇ ಆಜ್ಞೆ ಹೊರಡಿಸಿ ‘ತೊನಾರಿಗುಮಿ’ ಎಂಬ ನೆರೆಹೊರೆ ಗುಂಪುಗಳನ್ನು ಕಟ್ಟಿಸಿ, ಪಡಿತರ ಹಂಚಿಕೆಯ ಜೊತೆಗೆ ಒಬ್ಬರ ಮೇಲೊಬ್ಬರು ಕಣ್ಣಿಡುವುದನ್ನೂ ಕಲಿಸಿತ್ತು. ನೆರೆಯವರ ಕಾವಲಿಗೂ ಹೀಗೊಂದು ಸರ್ಕಾರಿ ಇತಿಹಾಸವಿದೆ. ಇವಾತೆಯ ಗವರ್ನರ್ ದೂಷಿಸುವುದಿಲ್ಲ ಎಂದದ್ದು, ಎಹಿಮೆ ಪ್ರಾಂತದ ನಾಗರಿಕರು ಸೋಂಕಿತರನ್ನು ಮರಳಿ ಬರಮಾಡಿಕೊಳ್ಳುವ ಸಂಕೇತವಾಗಿ ಕಿತ್ತಳೆವರ್ಗದ ಹಣ್ಣಿನ ಬಣ್ಣದ ರಿಬ್ಬನ್ ಚಳವಳಿ ಕಟ್ಟಿದ್ದು ಕೂಡ ಅದೇ ಜಪಾನೀಯರ ಸ್ವಭಾವ.

ಮೂರನೆಯ ಆಕ್ಷೇಪ ನಮ್ಮ ಮನೆಯಿಂದಲೇ ಏಳುತ್ತದೆ. ಭಾರತದಲ್ಲಿ ಕಾನೂನು ಇತ್ತಲ್ಲ, ಏನಾಯಿತು? 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ, 2005ರ ವಿಪತ್ತು ನಿರ್ವಹಣಾ ಕಾಯ್ದೆ ಎರಡೂ ಇದ್ದವು. ನಾಲ್ಕು ಗಂಟೆಯ ಮುನ್ಸೂಚನೆಯಲ್ಲಿ ದೇಶ ನಿಂತಿತು. ಕೂಲಿಕಾರರು ನಡೆದು ಸತ್ತರು. ತಲಪಾಡಿಯಲ್ಲಿ ಗಡಿ ಮುಚ್ಚಿ, ಒಳದಾರಿಗಳಿಗೂ ಮಣ್ಣು ಸುರಿದು, ಮಂಗಳೂರಿನ ಆಸ್ಪತ್ರೆಗಳನ್ನೇ ನೆಚ್ಚಿಕೊಂಡಿದ್ದ ಕಾಸರಗೋಡಿನ ರೋಗಿಗಳನ್ನು ತಡೆದದ್ದು ನಮ್ಮದೇ ಸರ್ಕಾರ. ಪ್ರತ್ಯೇಕವಾಸದಲ್ಲಿದ್ದ ಸಾವಿರಾರು ಜನರ ವಿಳಾಸಗಳನ್ನು ಪ್ರಕಟಿಸಿ ಅವರನ್ನು ನೆರೆಹೊರೆಯ ಕಣ್ಣಿಗೆ ಒಡ್ಡಿದ್ದೂ ಕರ್ನಾಟಕ ಸರ್ಕಾರವೇ. ಈ ಮಾತಿನಲ್ಲಿ ಅರ್ಧವನ್ನು ಒಪ್ಪುತ್ತೇನೆ: ಅಧಿಕಾರ ಮಾತ್ರ ಇದ್ದು ಮಿತಿ ಇಲ್ಲದ ಕಾನೂನು ಮನವಿಗಿಂತ ಕ್ರೂರ. ಆದರೂ ಕಾಸರಗೋಡಿನ ಪ್ರಕರಣದಲ್ಲಿ ಕೇರಳ ಹೈಕೋರ್ಟ್ 2020ರ ಏಪ್ರಿಲ್ 1ರಂದು ದಾರಿ ತೆರವು ಮಾಡಿಸಿ ಎಂದು ಕೇಂದ್ರಕ್ಕೆ ಹೇಳಲು ಸಾಧ್ಯವಾಯಿತು. ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಗಿ ರೋಗಿಗಳನ್ನು ಬಿಡುವ ಕ್ರಮ ನಿಗದಿಯಾಯಿತು. ದಾರಿ ಮುಚ್ಚಿದ್ದು ಯಾರೆಂದು ಗೊತ್ತಿದ್ದರಿಂದ ಅವರನ್ನು ಕೇಳಲು ಬಂತು. ವಲಸೆ ಕಾರ್ಮಿಕರ ರೈಲುಗಳನ್ನು ರಾಜ್ಯ ಸರ್ಕಾರ ಮೇ 5ರಂದು ರದ್ದು ಮಾಡಿದಾಗಲೂ, ಎರಡೇ ದಿನದಲ್ಲಿ ಅದನ್ನು ಹಿಂತೆಗೆಸಿದ್ದು ಸಾರ್ವಜನಿಕರ ವಿರೋಧ. ಬಲಕ್ಕೂ ಮನವಿಗೂ ನಡುವೆ ಒಂದನ್ನು ಆರಿಸಬೇಕೆಂಬುದೇ ತಪ್ಪು ಪ್ರಶ್ನೆ. ಜಪಾನಿಗೆ ಬೇಕಿದ್ದದ್ದು ಹೊಣೆ ಹೊರುವ ಆಜ್ಞೆ, ನಮಗೆ ಬೇಕಿದ್ದದ್ದು ಕಾರಣ ಹೇಳುವ ಆಜ್ಞೆ.

ಜಪಾನ್ 2023ರ ಮೇ 8ರಂದು ಕೋವಿಡನ್ನು ಸಾಮಾನ್ಯ ಫ್ಲೂ ವರ್ಗಕ್ಕೆ ಇಳಿಸಿತು. ಸಂವಿಧಾನಕ್ಕೆ ತುರ್ತು ವಿಧಿ ಸೇರಿಸಬೇಕೇ ಎಂಬ ವಾದ ಅಲ್ಲಿ ಇನ್ನೂ ನಡೆದಿದೆ. ಕರ್ನಾಟಕ 2020ರಲ್ಲೇ ತನ್ನದೊಂದು ಸಾಂಕ್ರಾಮಿಕ ರೋಗಗಳ ಅಧಿನಿಯಮ ಮಾಡಿಕೊಂಡಿತು, ಇಲ್ಲಿ ಅಂಥ ವಾದ ಜನರ ನಡುವೆ ನಡೆಯಲೇ ಇಲ್ಲ. ರೋಗ ಬಾಗಿಲಲ್ಲಿರುವಾಗ ಯಾರಿಗೂ ಪುರುಸೊತ್ತು ಇರುವುದಿಲ್ಲ. ಆದ್ದರಿಂದ ಈಗಲೇ ನಿಮ್ಮ ಕ್ಷೇತ್ರದ ಶಾಸಕರನ್ನು ಕೇಳಿ: ಮುಂದಿನ ಬಾರಿ ಅಂಗಡಿ ಮುಚ್ಚಿಸಿದರೆ ಕಾರಣವನ್ನು ಬರೆದು ಕೊಡುತ್ತೀರಾ, ಅದು ಯಾವ ದಿನಕ್ಕೆ ಮುಗಿಯುತ್ತದೆಂದು ಹೇಳುತ್ತೀರಾ, ನಷ್ಟಕ್ಕೆ ಯಾರು ಹೊಣೆ, ರೋಗಿಯ ಹೆಸರು ವಿಳಾಸಗಳನ್ನು ಗುಟ್ಟಾಗಿಡುತ್ತೀರಾ, ಒಪ್ಪದವರು ಯಾರ ಮುಂದೆ ಹೋಗಿ ದೂರಬೇಕು?